ಹಗೆ ತೀರಿಸಲು ಬಂದವನ ಗುಟ್ಟು ಯಾರಿಗೆ ಗೊತ್ತಿರಬೇಕು?

ಪ್ರಶ್ನೆ: ನನ್ನ ಸಸ್ಪೆನ್ಸ್ ಕಾದಂಬರಿಯ ಕರಡು 280 ಪುಟ ಆಗಿದೆ, ಜೊತೆಗೆ ಕಳಿಸಿದ್ದೇನೆ. ನಾಯಕ ಬೇರೆ ಹೆಸರಿಟ್ಟುಕೊಂಡು ಒಬ್ಬ ಉದ್ಯಮಿಯ ಹತ್ತಿರ ಲೆಕ್ಕ ಬರೆಯುವ ಕೆಲಸಕ್ಕೆ ಸೇರುತ್ತಾನೆ. 22 ವರ್ಷದ ಹಿಂದೆ ಆ ಉದ್ಯಮಿ ತನ್ನ ಇಬ್ಬರು ಪಾಲುದಾರರ ಜೊತೆ ಸೇರಿ ನಾಯಕನ ತಂದೆಯನ್ನು ಗೋದಾಮಿನೊಳಗೆ ಸುಟ್ಟು ಕೊಂದಿರುತ್ತಾನೆ. ಆಗ 11 ವರ್ಷದವನಾಗಿದ್ದ ಮಗನೂ ಅದೇ ಬೆಂಕಿಯಲ್ಲಿ ಸತ್ತ ಎಂದು ಎಲ್ಲರೂ ನಂಬಿದ್ದಾರೆ. ಇದು ಬಯಲಾಗುವುದು 140ನೇ ಪುಟದಲ್ಲಿ. ಅಲ್ಲಿಂದ ಮುಂದೆ ಮೂವರನ್ನೂ ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಕಥೆಯನ್ನು ನಾಯಕನೇ ‘ನಾನು’ ಎಂದು ಹೇಳುತ್ತಾನೆ. ಓದಲು ಕೊಟ್ಟ ಮೂವರೂ 40ನೇ ಪುಟದೊಳಗೆ ಗುಟ್ಟು ಊಹಿಸಿದರು. ದ್ವಿತೀಯಾರ್ಧ ಎಳೆದ ಹಾಗಿದೆ ಎಂದೂ ಹೇಳಿದರು. ಗುಟ್ಟನ್ನು ಇನ್ನೂ ಚೆನ್ನಾಗಿ ಮುಚ್ಚುವುದು ಹೇಗೆ?

ಉತ್ತರ: ಮುಚ್ಚಬೇಡಿ. ಮೊದಲ ಅಧ್ಯಾಯದ ಕೊನೆಯಲ್ಲೇ ಓದುಗನಿಗೆ ಹೇಳಿಬಿಡಿ. ನಿಮ್ಮ ಕರಡಿನ ನಿಜವಾದ ತೊಂದರೆ ಇರುವುದು 140ನೇ ಪುಟದ ಆಚೆ. ಗುಟ್ಟು ಬಯಲಾದ ಮೇಲೆ ಓದುಗ ಕಾಯುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಮುಂದಿನ 140 ಪುಟ ಬರೀ ಪಟ್ಟಿ ಮುಗಿಸುವ ಕೆಲಸ.

ಅವರು ಊಹಿಸಿದ್ದಾದರೂ ಹೇಗೆ ಎಂದು ಮೊದಲು ನೋಡೋಣ. ಹೊಸಬನೊಬ್ಬ ಕೆಲಸಕ್ಕೆ ಬಂದ. ಮನೆಯವರ ವಿಷಯ ಕೇಳಿದರೆ ಮಾತು ತಪ್ಪಿಸುತ್ತಾನೆ. ಗೋಡೆಯ ಹಳೆಯ ಫೋಟೋದ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾನೆ. ಬೆಂಕಿ ಕಂಡರೆ ಬೆವರುತ್ತಾನೆ. ಥ್ರಿಲ್ಲರ್ ಓದಿ ಪಳಗಿದವರಿಗೆ ಇಷ್ಟು ಧಾರಾಳವಾಯಿತು. ಹಿನ್ನೆಲೆಯನ್ನು ಖಾಲಿ ಬಿಟ್ಟರೆ ಆ ಖಾಲಿ ಜಾಗವೇ ದೊಡ್ಡ ಸುಳಿವು. ನೀವು ಇನ್ನಷ್ಟು ಮುಚ್ಚಿದಷ್ಟೂ ಆ ಖಾಲಿ ಇನ್ನಷ್ಟು ಎದ್ದು ಕಾಣುತ್ತದೆ.

ಇದರ ಜೊತೆಗೆ ನಿರೂಪಣೆಯ ತೊಡಕೂ ಇದೆ. ‘ನಾನು’ ಎಂದು ಕಥೆ ಹೇಳುವವನು ತನಗೆ ಗೊತ್ತಿರುವ ಅತಿ ಮುಖ್ಯ ಸಂಗತಿಯನ್ನು 140 ಪುಟಗಳವರೆಗೆ ಹೇಳದೆ ಉಳಿದರೆ ಅದು ಓದುಗನಿಗೆ ಮಾಡಿದ ಮೋಸ. ಅವನು ತಂದೆಯನ್ನು ಕೊಂದವನ ಎದುರಿಗೇ ಕುಳಿತು ಲೆಕ್ಕ ಬರೆಯುತ್ತಿದ್ದಾನೆ. ಅವನ ತಲೆಯೊಳಗೆ ತಂದೆಯ ನೆನಪು ಒಮ್ಮೆಯೂ ಸುಳಿಯಲಿಲ್ಲ ಎಂದರೆ ಯಾರು ನಂಬುತ್ತಾರೆ? ದಾರಿ ಎರಡೇ. ‘ನಾನು’ ಉಳಿಯಬೇಕಾದರೆ ಗುಟ್ಟನ್ನು ಮೊದಲೇ ಹಂಚಿಕೊಳ್ಳಿ. ಗುಟ್ಟೇ ಉಳಿಯಬೇಕಾದರೆ ನಿರೂಪಣೆಯನ್ನು ಬೇರೊಬ್ಬನ ಕಣ್ಣಿಗೆ ಕೊಡಿ: ಉದ್ಯಮಿಯ ಮಗಳಿಗೋ, ಹಳೆಯ ಗುಮಾಸ್ತನಿಗೋ, ಪಾಲುದಾರನಿಗೋ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಹೋದರೆ ಪುಟಪುಟದಲ್ಲೂ ಮಾತು ನುಂಗುತ್ತಾ ಸಾಗಬೇಕಾಗುತ್ತದೆ. ನಿಮ್ಮ ಕಥೆಗೆ ಮೊದಲನೆಯ ದಾರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ವೇಷದೊಳಗಿರುವವನ ಮೈನಡುಕ ಓದುಗನಿಗೆ ತಟ್ಟಬೇಕಾದರೆ ವೇಷ ಇದೆ ಎಂಬುದು ಅವನಿಗೆ ತಿಳಿದಿರಲೇಬೇಕು.

ವಿರಾಟಪರ್ವವನ್ನು ನೆನಪಿಸಿಕೊಳ್ಳಿ. ಕಂಕಭಟ್ಟ ಯಾರು, ಅಡುಗೆಮನೆಯ ವಲಲ ಯಾರು, ಸೈರಂಧ್ರಿ ಯಾರು ಎಂಬುದು ಕೇಳುವವರಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ವಿರಾಟನ ಅರಮನೆಗೆ. ಕೀಚಕ ದ್ರೌಪದಿಯ ಮೇಲೆ ಕಣ್ಣು ಹಾಕಿದಾಗ ಭೀಮ ಸುಮ್ಮನಿದ್ದರೆ ಮಾನ ಹೋಗುತ್ತದೆ. ಕೈ ಎತ್ತಿದರೆ ಅಜ್ಞಾತವಾಸ ಮುರಿದು ಮತ್ತೆ 12 ವರ್ಷ ಕಾಡು ಪಾಲು. ಹಗೆಯೂ ವೇಷವೂ ಹೀಗೆ ಒಂದಕ್ಕೊಂದು ಅಡ್ಡ ನಿಲ್ಲಬೇಕು. ಕೀಚಕನ ಸಾವಿನ ಸುದ್ದಿ ಕೌರವರ ಸಭೆಗೆ ಮುಟ್ಟಿದ ಮೇಲೆಯೇ ಗೋಗ್ರಹಣ ನಡೆಯುತ್ತದೆ, ಅಂದರೆ ಸೇಡಿನ ಕೆಲಸವೇ ಗುರುತು ಬಯಲಾಗುವ ದಾರಿಯನ್ನೂ ತೆರೆಯುತ್ತದೆ. ನಿಮ್ಮ ನಾಯಕ ಮೊದಲ ಪಾಲುದಾರನನ್ನು ಮುಗಿಸಿದ ಮೇಲೂ ಅವನ ವೇಷಕ್ಕೆ ಒಂದು ಗೀರೂ ಬೀಳುವುದಿಲ್ಲ. ದ್ವಿತೀಯಾರ್ಧ ಸಪ್ಪೆಯಾಗಿರುವುದಕ್ಕೆ ಇದೇ ಮೊದಲ ಕಾರಣ.

1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಜೊತೆ ನಡೆಸಿದ ದೀರ್ಘ ಮಾತುಕತೆಯಲ್ಲಿ ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಮೇಜಿನ ಕೆಳಗಿನ ಬಾಂಬಿನ ಲೆಕ್ಕ ಹೇಳಿದ್ದರು. ಬಾಂಬ್ ಇದೆ ಎಂದು ತಿಳಿಸದೆ ಸಿಡಿಸಿದರೆ ನೋಡುಗನಿಗೆ ಸಿಗುವುದು 15 ಸೆಕೆಂಡಿನ ಬೆಚ್ಚು. ಬಾಂಬ್ ಎಲ್ಲಿದೆ, ಎಷ್ಟು ಗಂಟೆಗೆ ಸಿಡಿಯುತ್ತದೆ ಎಂದು ಮೊದಲೇ ತಿಳಿಸಿದರೆ 15 ನಿಮಿಷದ ಉಸಿರುಗಟ್ಟು. ನಿಮ್ಮ 140ನೇ ಪುಟ ಆ 15 ಸೆಕೆಂಡಿನ ಬೆಚ್ಚು. ಮೂವರು ಅದನ್ನು ಮೊದಲೇ ಊಹಿಸಿದ್ದರಿಂದ ಅದೂ ದಕ್ಕಲಿಲ್ಲ.

ಹಾಗಾದರೆ ಓದುಗನಿಂದ ಏನನ್ನು ಮುಚ್ಚಿಡಬೇಕು? ನಾಯಕನಿಗೂ ಗೊತ್ತಿಲ್ಲದ ಸಂಗತಿಯನ್ನು. ಅವನು 22 ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ ನೆನಪಿನಲ್ಲಿ ಎಲ್ಲೋ ಒಂದು ಕಡೆ ತಪ್ಪಿರಬೇಕು. ಅವನು ತಪ್ಪು ತಿಳಿದಿರುವುದರಿಂದ ‘ನಾನು’ ಎಂಬ ನಿರೂಪಣೆಯಲ್ಲೂ ಅದನ್ನು ಪ್ರಾಮಾಣಿಕವಾಗಿಯೇ ಮುಚ್ಚಿಡಬಹುದು. ಆ ತಪ್ಪು ಎಲ್ಲಿರಬೇಕು ಎಂದು ಬೇರೆಲ್ಲೂ ಹುಡುಕಬೇಕಾಗಿಲ್ಲ, ನಿಮ್ಮ ಕರಡಿನಲ್ಲೇ ಒಂದು ಬಿರುಕಿದೆ.

ಗೋದಾಮಿಗೆ ಬೆಂಕಿ ಬಿತ್ತು, ತಂದೆ ಮಗ ಇಬ್ಬರೂ ಬೂದಿಯಾದರು, ಹಾಗಾಗಿ ಮಗ ಸತ್ತ ಎಂದು ಎಲ್ಲರೂ ನಂಬಿದರು ಎಂದು ಬರೆದಿದ್ದೀರಿ. ಬೆಂಕಿಯಲ್ಲಿ ಮನುಷ್ಯ ಹಾಗೆ ಬೂದಿಯಾಗುವುದಿಲ್ಲ. ಚಿತಾಗಾರದಲ್ಲಿ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೆರಡು ಗಂಟೆ ಸುಟ್ಟ ಮೇಲೂ ಮೂಳೆಯ ಚೂರುಗಳು ಉಳಿಯುತ್ತವೆ. ಕಟ್ಟಡದ ಬೆಂಕಿಯಲ್ಲಿ ಶಾಖ ಒಂದೇ ಸಮ ಇರುವುದಿಲ್ಲ. ಕುಸಿದ ಚಾವಣಿಯ ಕೆಳಗೆ ಹಲ್ಲು, ತೊಡೆಯ ಮೂಳೆ, ಬೆನ್ನುಮೂಳೆಯ ಭಾಗ ಬಹುಪಾಲು ಉಳಿದೇ ಇರುತ್ತವೆ. 11 ವರ್ಷದ ಮಗುವಿನ ಬಾಯಲ್ಲಿ ಹಾಲುಹಲ್ಲು ಸಾಮಾನ್ಯವಾಗಿ ಪೂರ್ತಿ ಉದುರಿರುವುದಿಲ್ಲ, ಮೂಳೆಯ ತುದಿಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ದೊಡ್ಡವರ ಅವಶೇಷವನ್ನೂ ಮಗುವಿನದನ್ನೂ ಬೇರ್ಪಡಿಸುವುದು ಬಲ್ಲವರಿಗೆ ಕಷ್ಟವಲ್ಲ. ಅಲ್ಲಿ ಸಿಕ್ಕಿರಬೇಕಾದದ್ದು ಒಬ್ಬರ ಅವಶೇಷ ಮಾತ್ರ. ಆದರೂ ದಾಖಲೆ ‘ಇಬ್ಬರು’ ಎನ್ನುತ್ತದೆ.

ಅಂದರೆ ಯಾರೋ ಬೇಕೆಂದೇ ಸುಳ್ಳು ಹೇಳಿದ್ದಾರೆ. ಹುಡುಗ ಬೆಂಕಿಯೊಳಗೆ ಹೋದದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟಿದ್ದಾರೆ. ಯಾಕೆ? ಹುಡುಗ ಬದುಕಿದ್ದಾನೆಂದು ತಿಳಿದರೆ ಉದ್ಯಮಿ ಅವನನ್ನು ಹುಡುಕಿ ಕೊಲ್ಲಿಸುತ್ತಿದ್ದ. ಸುಳ್ಳು ಹೇಳಿದವನು ಎರಡನೇ ಪಾಲುದಾರ ಎಂದಿಟ್ಟುಕೊಳ್ಳಿ. ಅವನು ಸಂಚಿನಲ್ಲಿದ್ದ, ಕೊಲೆಗೆ ಒಪ್ಪಿದ್ದ, ಕೊನೆಯ ಗಳಿಗೆಯಲ್ಲಿ ಮಗುವನ್ನು ಮಾತ್ರ ಹೊರಗೆ ದಬ್ಬಿದ. ಹೊಗೆಯಲ್ಲಿ ಹುಡುಗ ಕಂಡದ್ದು ಬಾಗಿಲ ಬಳಿ ತನ್ನ ಕಡೆಗೆ ಚಾಚಿದ ಒಂದು ಕೈಯನ್ನು. ಆ ಕೈ ತನ್ನನ್ನು ಒಳಕ್ಕೆ ದೂಡುತ್ತಿತ್ತು ಎಂದೇ ಅವನು 22 ವರ್ಷ ನಂಬಿಕೊಂಡು ಬಂದಿದ್ದಾನೆ. ಈಗ ನೋಡಿ, ಅವನ ಪಟ್ಟಿಯಲ್ಲಿ ಮೂರು ಹೆಸರಿವೆ. ಅದರಲ್ಲಿ ಒಬ್ಬ ತಂದೆಯನ್ನು ಕೊಂದವನೂ ಹೌದು, ತನ್ನನ್ನು ಉಳಿಸಿದವನೂ ಹೌದು. 140ನೇ ಪುಟದಲ್ಲಿ ಬಯಲಾಗಬೇಕಾದದ್ದು ಇದರ ಮೊದಲರ್ಧ: ಈ ಮನೆಯಲ್ಲಿ ಒಬ್ಬನಿಗೆ ನಾಯಕ ಯಾರೆಂದು ಅವನು ಬಂದ ದಿನದಿಂದಲೇ ಗೊತ್ತಿತ್ತು, ಆದರೂ ಆ ಒಬ್ಬ ಬಾಯಿ ಬಿಟ್ಟಿಲ್ಲ. ಯಾಕೆ ಬಿಡಲಿಲ್ಲ ಎಂಬ ಉತ್ತರವನ್ನು 230ನೇ ಪುಟದವರೆಗೆ ಕಾಯಿಸಬಹುದು.

ಬರೆಯಲು ಕೂರುವ ಮೊದಲು ಒಂದು ದೊಡ್ಡ ಹಾಳೆಯನ್ನು ಮೂರು ಅಂಕಣ ಮಾಡಿ. ಮೊದಲನೆಯದರಲ್ಲಿ ಆ ರಾತ್ರಿ ನಿಜವಾಗಿ ನಡೆದದ್ದು, ಗಂಟೆ ನಿಮಿಷ ಸಮೇತ. ಎರಡನೆಯದರಲ್ಲಿ ಊರು, ಪೊಲೀಸರು, ಕಾಗದಪತ್ರ ಹೇಳುವುದು. ಮೂರನೆಯದರಲ್ಲಿ ನಾಯಕನ ನಂಬಿಕೆ. ಯಾವ ಸಾಲಿನಲ್ಲಿ ಮೂರೂ ಅಂಕಣ ಬೇರೆಬೇರೆ ಆಗುತ್ತವೋ ಅಲ್ಲಿ ಒಂದು ದೃಶ್ಯ ಇದೆ ಎಂದು ಗುರುತು ಹಾಕಿ. ಇಂಥ ಸಾಲುಗಳು ನಾಲ್ಕೈದಕ್ಕಿಂತ ಹೆಚ್ಚು ಬೇಡ. ಹತ್ತಾದರೆ ಕೊನೆಯಲ್ಲಿ ಯಾರಾದರೂ ನಿಂತು ವಿವರಿಸುತ್ತಲೇ ಇರಬೇಕಾಗುತ್ತದೆ, ಅಷ್ಟು ಹೊತ್ತಿಗೆ ಓದುಗ ಸೋತಿರುತ್ತಾನೆ.

ಈಗ ಗುರುತಿನ ವಿಷಯ. 11 ವರ್ಷದ ಹುಡುಗ 33ರಲ್ಲಿ ಬಂದು ನಿಂತರೆ ಮುಖ ನೋಡಿ ಗುರುತಿಸುವುದು ಕಷ್ಟ. ದವಡೆ ಬೆಳೆದಿದೆ, ದನಿ ಒಡೆದಿದೆ, ಮೈಕಟ್ಟು ಬದಲಾಗಿದೆ. ಹಾಗಾಗಿ ನೀವು ಬರೆದಿರುವ ಪ್ಲಾಸ್ಟಿಕ್ ಸರ್ಜರಿಯ ಆರು ಪುಟ ಬೇಕೇ ಇಲ್ಲ. ಶಸ್ತ್ರಚಿಕಿತ್ಸೆಯಿಂದ ನಡಿಗೆ, ಎತ್ತರ, ಮಾತಿನ ಧಾಟಿ ಬದಲಾಗುವುದಿಲ್ಲ. ಬಾವು ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಹುಟ್ಟುವ ಮೊದಲೇ ಮೂಡಿದ ಬೆರಳಚ್ಚು ಹಾಗೆಯೇ ಇರುತ್ತದೆ. ಆ ಪುಟಗಳನ್ನು ತೆಗೆದು ಒಂದು ಸಾದಾ ಅಪಾಯವನ್ನು ಇಡಿ. ನಾಯಕನಿಗೆ ಈಗ ಹೆಚ್ಚುಕಡಿಮೆ ತಂದೆ ಸತ್ತ ವಯಸ್ಸು. ಅವನನ್ನು ನೋಡಿದವರಿಗೆ ನೆನಪಾಗುವುದು ಆ ಹುಡುಗನಲ್ಲ, ಸತ್ತ ತಂದೆ. ಮೆಟ್ಟಿಲು ಹತ್ತುವಾಗ ಕೈಯನ್ನು ಬೆನ್ನ ಹಿಂದೆ ಕಟ್ಟುವ ರೀತಿ, ಫೋನಿನಲ್ಲಿ ಕೇಳಿದಾಗಿನ ದನಿ, ಯೋಚಿಸುವಾಗ ಕಿವಿಯ ತುದಿ ಹಿಡಿಯುವ ಚಾಳಿ. ಅವನು ತನ್ನ ಹೆಸರು, ಕಾಗದ, ಹಿನ್ನೆಲೆ ಎಲ್ಲವನ್ನೂ ತಿದ್ದಿಕೊಂಡು ಬಂದಿದ್ದಾನೆ. ಆದರೆ ತಂದೆಯ ನಡಿಗೆ ತನಗೆ ಬಂದಿದೆ ಎಂಬುದು ಅವನಿಗೇ ತಿಳಿಯದು. ತಿಳಿಸಲು ಯಾರೂ ಉಳಿದಿರಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮನಮುಟ್ಟುವ ಜಾಗ ಇದು. ದಯವಿಟ್ಟು ಇದನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ.

ಸುಳ್ಳು ಹಿನ್ನೆಲೆಯನ್ನು ಕಟ್ಟುವಾಗ ಮೂರು ಪದರ ಬೇಕು. ವಿಚಾರಿಸಿದರೆ ಹೌದೆನ್ನುವ ಒಂದು ಭಾಗ: ಹಿಂದೆ ಕೆಲಸ ಮಾಡಿದ ಜಾಗ, ಅಲ್ಲಿ ಫೋನ್ ಎತ್ತಿ ‘ಹೌದು, ಇದ್ದರು’ ಎನ್ನುವ ಒಬ್ಬ ಮನುಷ್ಯ. ಕೇಳಿದವನು ಆಕಳಿಸುವಷ್ಟು ಸಪ್ಪೆಯಾದ ಇನ್ನೊಂದು ಭಾಗ. ಇವೆರಡರ ಕೆಳಗೆ ಒಂದು ಸಣ್ಣ ನಾಚಿಕೆಗೇಡು. ಉದಾಹರಣೆಗೆ, ಹಳೆಯ ಕೆಲಸದಲ್ಲಿ ಸಣ್ಣ ಮೊತ್ತ ಮುಟ್ಟಿದ್ದಕ್ಕೆ ಬಿಡಿಸಿ ಕಳಿಸಿದ್ದರು ಎಂಬ ಸಂಗತಿ. ಈ ಮೂರನೆಯದು ಬಹಳ ಮುಖ್ಯ. ಅಗೆಯುವವರು ಏನಾದರೂ ಸಿಕ್ಕಿದ ಕೂಡಲೇ ಅಗೆಯುವುದನ್ನು ನಿಲ್ಲಿಸುತ್ತಾರೆ. ಉದ್ಯಮಿಯ ಕಡೆಯವನು 60ನೇ ಪುಟದ ಸುಮಾರಿಗೆ ಇದನ್ನು ಪತ್ತೆ ಹಚ್ಚಲಿ, ನಾಯಕನನ್ನು ಹೆದರಿಸಲಿ, ನಾಯಕ ತಲೆ ತಗ್ಗಿಸಲಿ. ಉದ್ಯಮಿಗೆ ಇವನ ಜುಟ್ಟು ತನ್ನ ಕೈಯಲ್ಲಿದೆ ಎಂಬ ನೆಮ್ಮದಿ. ಕೈ ಕೊಳೆಯಾದವನು ಎಂದುಕೊಂಡೇ ಅವನಿಗೆ ಒಳಗಿನ ಲೆಕ್ಕ ಕೊಡುತ್ತಾನೆ. ನಿಮ್ಮ ಕರಡಿನಲ್ಲಿ ಕೆಲಸಕ್ಕೆ ಸೇರಿದ ಎರಡೇ ವಾರಕ್ಕೆ ಗುಪ್ತ ಪುಸ್ತಕಗಳು ನಾಯಕನ ಕೈಗೆ ಬರುವುದು ಕಾರಣವೇ ಇಲ್ಲದೆ. ಈಗ ಕಾರಣ ಸಿಕ್ಕಿತು.

ಅವನು ಲೆಕ್ಕ ಬರೆಯುವವನು ಎಂಬುದನ್ನೂ ನೀವು ಬಳಸಿಕೊಂಡಿಲ್ಲ. 280 ಪುಟದಲ್ಲಿ ಅವನು ಲೆಕ್ಕ ನೋಡುವ ದೃಶ್ಯ ಒಂದೂ ಇಲ್ಲ, ಚಾಕು ಹಿಡಿಯುವ ದೃಶ್ಯ ಏಳಿವೆ. ಬೆಂಕಿ ಬಿದ್ದ ಗೋದಾಮಿಗೆ ವಿಮೆ ಇದ್ದಿರಲೇಬೇಕು. ಸುಟ್ಟ ಸರಕು 1,200 ಮೂಟೆ ಎಂದು ವಿಮೆಯ ಅರ್ಜಿ ಹೇಳಲಿ. ಬೆಂಕಿಗೆ ಎರಡು ದಿನ ಮೊದಲಿನ ಸರಕು ಸಾಗಣೆಯ ಪುಸ್ತಕದಲ್ಲಿ ಅದೇ ಸರಕಿನ 900 ಮೂಟೆ ಲಾರಿಗೆ ಹತ್ತಿದ ಬರಹ ಇರಲಿ. ಬೆಂಕಿ ಆಕಸ್ಮಿಕವಲ್ಲ ಎಂಬುದಕ್ಕೆ ಈ ಎರಡು ಅಂಕಿ ಸಾಕು. ಯಾವ ಸಾಕ್ಷಿಯೂ ಬೇಡ. ಆದರೆ 22 ವರ್ಷದ ಹಳೆಯ ಸಾಗಣೆ ಪುಸ್ತಕವನ್ನು ಯಾವ ವ್ಯಾಪಾರಿಯೂ ಇಟ್ಟುಕೊಂಡಿರುವುದಿಲ್ಲ, ಅದೂ ತನ್ನನ್ನೇ ಜೈಲಿಗೆ ಕಳಿಸಬಹುದಾದ ಪುಸ್ತಕವನ್ನು. ಹಾಗಿದ್ದರೆ ಅದನ್ನು ಉಳಿಸಿದವರು ಯಾರು, ಈಗ ಇವನ ಮೇಜಿನ ಮೇಲೆ ತಂದಿಟ್ಟವರು ಯಾರು? ನಾಯಕ ಅದನ್ನು ತನ್ನ ಜಾಣ್ಮೆಯಿಂದ ಸಿಕ್ಕಿದ್ದೆಂದು ಭಾವಿಸಲಿ. ಗಮನವಿಟ್ಟು ಓದುವವರಿಗೆ ಮಾತ್ರ ಆ ಪ್ರಶ್ನೆ ಕುಟುಕುತ್ತದೆ. ಉತ್ತರ ಮತ್ತೆ ಎರಡನೇ ಪಾಲುದಾರನ ಕಡೆಗೇ ಬೆರಳು ಮಾಡುತ್ತದೆ.

ಸುಳಿವು ಬಿತ್ತುವ ಕೆಲಸವನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ಬೆಂಕಿಯಲ್ಲಿ ಉಳಿದ ಗೋದಾಮಿನ ಪಕ್ಕದ ಬಾಗಿಲಿಗೆ ತಂದೆಯ ಕಾಲದ ಒಂದು ಹಳೆಯ ಚಿಲಕ. ಅದನ್ನು ಸುಮ್ಮನೆ ಎಳೆದರೆ ಬರುವುದಿಲ್ಲ. ಮೊಣಕಾಲಿನಿಂದ ಬಾಗಿಲನ್ನು ಒಳಕ್ಕೆ ಒತ್ತಿ, ಚಿಲಕವನ್ನು ಮೇಲೆತ್ತಿ ಎಳೆಯಬೇಕು. 18ನೇ ಪುಟದಲ್ಲಿ ಒಬ್ಬ ಕೆಲಸದ ಹುಡುಗ ಅದರ ಜೊತೆ ಒದ್ದಾಡಿ ಬೆರಳು ಜಜ್ಜಿಕೊಳ್ಳುತ್ತಾನೆ. ಅಲ್ಲಿ ದೃಶ್ಯದ ಗುರಿ ಚಿಲಕ ಆಗಿರಬಾರದು. ಆ ಹುಡುಗನಿಗೂ ಉದ್ಯಮಿಗೂ ಸಂಬಳದ ವಿಷಯಕ್ಕೆ ನಡೆಯುವ ಜಗಳ ಗುರಿಯಾಗಿರಲಿ. 52ನೇ ಪುಟದಲ್ಲಿ ಜೋರು ಮಳೆ, ಎಲ್ಲರೂ ಓಡುತ್ತಾರೆ, ನಾಯಕ ಆ ಬಾಗಿಲಿನಿಂದ ಒಳಗೆ ಬಂದು ಲೆಕ್ಕದ ಪುಸ್ತಕ ಒದ್ದೆಯಾಗಿಲ್ಲ ಎಂದು ತೋರಿಸುತ್ತಾನೆ. ‘ಬಾಗಿಲು ತೆರೆದು ಒಳಗೆ ಬಂದೆ’ ಎಂಬ ಮೂರು ನಾಲ್ಕು ಪದ, ಒಂದು ಉದ್ದ ವಾಕ್ಯದ ನಡುವೆ. ಓದುಗನ ಕಣ್ಣು ಪುಸ್ತಕದ ಮೇಲಿರುತ್ತದೆ. 138ನೇ ಪುಟದಲ್ಲಿ ಎರಡನೇ ಪಾಲುದಾರ ಹೇಳುತ್ತಾನೆ: ‘ಆ ಚಿಲಕ ತೆಗೆಯಲು ನಿನಗೆ ಯಾರಪ್ಪ ಹೇಳಿಕೊಟ್ಟದ್ದು?’

ಇಲ್ಲಿ ನಡೆದದ್ದೇನು ಎಂದು ಗಮನಿಸಿ. ಸುಳಿವಿನ ವಿವರಣೆ ಮೊದಲು ಬಂತು, ಸುಳಿವು ಆಮೇಲೆ ಬಂತು, ಎರಡರ ನಡುವೆ 34 ಪುಟ. ಪ್ರತಿ ಸಲವೂ ಅದಕ್ಕೆ ದೃಶ್ಯದಲ್ಲಿ ಬೇರೆ ಕೆಲಸವಿತ್ತು. ಸುಳಿವನ್ನು ಪ್ಯಾರಾದ ಕೊನೆಯ ವಾಕ್ಯವಾಗಿ ಯಾವತ್ತೂ ಇಡಬೇಡಿ, ಅಲ್ಲಿ ಇಟ್ಟದ್ದೆಲ್ಲ ಕೂಗಿ ಹೇಳಿದಂತೆ ಕೇಳಿಸುತ್ತದೆ. ನಿಮ್ಮ ‘ನಾನು ಫೋಟೋದ ಮುಂದೆ ನಿಂತೆ’ ಎಂಬುದು ಅಧ್ಯಾಯದ ಕೊನೆಯ ಸಾಲು. 40ನೇ ಪುಟದೊಳಗೆ ಸಿಕ್ಕಿಬಿದ್ದದ್ದಕ್ಕೆ ಅದೂ ಒಂದು ಕಾರಣ.

ಗುರುತು ಬಯಲಾಗುವ ವಿಧಗಳಲ್ಲಿ ಮೇಲು ಕೀಳು ಇದೆ ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯ 16ನೇ ಅಧ್ಯಾಯದಲ್ಲಿ ವಿಂಗಡಿಸಿದ್ದಾನೆ. ಮಚ್ಚೆ, ಗಾಯದ ಕಲೆ, ಕೊರಳ ಸರ ಇಂಥ ಗುರುತುಗಳಿಂದ ತಿಳಿಯುವುದು ಅವನ ಪ್ರಕಾರ ಕಲೆಗಾರಿಕೆ ಅತಿ ಕಡಿಮೆ ಇರುವ ವಿಧ. ಘಟನೆಗಳ ಹರಿವಿನಿಂದಲೇ ಹೊಮ್ಮುವುದು ಎಲ್ಲಕ್ಕಿಂತ ಮೇಲು. ನೀವು ಇಟ್ಟಿರುವುದು ಭುಜದ ಸುಟ್ಟ ಕಲೆ, ಅದೂ ಅಂಗಿ ಹರಿದಾಗ ಕಾಣುವುದು. ಚಿಲಕಕ್ಕೂ ಕಲೆಗೂ ಇರುವ ಅಂತರ ಇಷ್ಟೇ: ಕಲೆ ಅವನ ಮೈಮೇಲೆ ಸುಮ್ಮನೆ ಇತ್ತು, ಚಿಲಕವನ್ನು ಅವನೇ ತೆಗೆದ. ತನ್ನ ಕೈಯಾರೆ ಸಿಕ್ಕಿಬಿದ್ದವನ ಎದೆ ಬಡಿತ ಬೇರೆಯೇ.

ಇನ್ನು ದ್ವಿತೀಯಾರ್ಧ. ಮೂರು ಕೊಲೆಗಳೂ ಒಂದೇ ಅಚ್ಚಿನಲ್ಲಿವೆ: ಹಿಂಬಾಲಿಸುತ್ತಾನೆ, ಒಂಟಿಯಾಗಿ ಸಿಕ್ಕಾಗ ಹಿಡಿಯುತ್ತಾನೆ, ಹಳೆಯದನ್ನು ನೆನಪಿಸಿ ಕೊಲ್ಲುತ್ತಾನೆ. ಮೊದಲನೆಯದು ಓಡುತ್ತದೆ, ಎರಡನೆಯದು ತೆವಳುತ್ತದೆ, ಮೂರನೆಯದನ್ನು ಓದುಗ ಹಾರಿಸುತ್ತಾನೆ. ನಾಯಕನಿಗೆ ಪ್ರತಿಯೊಬ್ಬನಿಂದಲೂ ಸಾವಿಗಿಂತ ಬೇರೆ ಏನಾದರೂ ಬೇಕಿರಲಿ. ಮೊದಲನೆಯವನಿಂದ ಒಂದು ಹೆಸರು ಬೇಕು. ಎರಡನೆಯವನಿಂದ ಒಂದು ಕಾಗದ. ಉದ್ಯಮಿಯಿಂದ, ಎಲ್ಲರ ಎದುರಿಗೆ ಬಾಯಿಬಿಟ್ಟು ಹೇಳುವ ಒಂದು ಮಾತು. ಹೆಸರು ಹೇಳುವ ಮೊದಲೇ ಮೊದಲನೆಯವನು ಸತ್ತುಹೋದರೆ? ಸೇಡು ತೀರಿತು, ಕೆಲಸ ಕೆಟ್ಟಿತು. ಇಂಥ ಅರ್ಧ ಗೆಲುವುಗಳೇ ಮುಂದಿನ ಅಧ್ಯಾಯವನ್ನು ಎಳೆಯುತ್ತವೆ.

ಪುಟಗಳನ್ನು ಹೀಗೆ ಹಂಚಬಹುದು. ಮೊದಲ 25 ಪುಟದಲ್ಲಿ ಕೆಲಸಕ್ಕೆ ಸೇರುವುದು, ಅಧ್ಯಾಯದ ಕೊನೆಯಲ್ಲಿ ನಿಜವಾದ ಹೆಸರು. 70ರವರೆಗೆ ನಂಬಿಕೆ ಗಳಿಸುವುದು, ಸುಳ್ಳು ಹಿನ್ನೆಲೆಯ ಪರೀಕ್ಷೆ. 75ರಿಂದ 100ರೊಳಗೆ ಮೊದಲ ಪಾಲುದಾರನ ಸಾವು, ಅದೂ ನಾಯಕ ಹಾಕಿದ ಲೆಕ್ಕದಂತೆ ಅಲ್ಲ. ನಿಮ್ಮ ಕರಡಿನಲ್ಲಿ ಮೊದಲ ಸಾವು 155ನೇ ಪುಟಕ್ಕೆ ಬರುತ್ತದೆ, ಬಹಳ ತಡ. 100ರಿಂದ 138ರವರೆಗೆ ಆ ಸಾವಿನ ತನಿಖೆ. ತಮಾಷೆಯಲ್ಲ, ಉದ್ಯಮಿ ಆ ತನಿಖೆಗೆ ಲೆಕ್ಕಪತ್ರ ಒದಗಿಸುವ ಹೊಣೆಯನ್ನು ನಾಯಕನಿಗೇ ವಹಿಸಲಿ. ಅವನು ತನ್ನನ್ನು ತಾನೇ ಹುಡುಕಬೇಕು, ಸಿಗದಂತೆಯೂ ನೋಡಿಕೊಳ್ಳಬೇಕು, ಬೇರೆ ನಿರಪರಾಧಿಯೊಬ್ಬ ಸಿಕ್ಕಿಬೀಳದಂತೆಯೂ ತಡೆಯಬೇಕು. ಆ ಮೂರನೆಯದರಲ್ಲಿ ಅವನು ಸೋಲಲಿ. ಚಿಲಕದಲ್ಲಿ ಬೆರಳು ಜಜ್ಜಿಕೊಂಡ ಹುಡುಗನನ್ನೇ ಪೊಲೀಸರು ಒಯ್ಯಲಿ. ನಾಯಕ ಬಾಯಿ ಬಿಟ್ಟರೆ ಸೇಡು ಅಲ್ಲಿಗೇ ನಿಲ್ಲುತ್ತದೆ, ಬಿಡದಿದ್ದರೆ 22 ವರ್ಷದ ಹಿಂದೆ ತನಗಾದ ಅನ್ಯಾಯವನ್ನು ಈಗ ತಾನೇ ಒಬ್ಬನಿಗೆ ಮಾಡಿದಂತೆ. ದ್ವಿತೀಯಾರ್ಧಕ್ಕೆ ಈ ಭಾರ ಬೇಕು.

ಉದ್ಯಮಿ ನಿಮ್ಮ ಕರಡಿನಲ್ಲಿ ಕಾಯುತ್ತಾ ಕೂತಿದ್ದಾನೆ. ಇಬ್ಬರು ಪಾಲುದಾರರು ಸತ್ತ ಮೇಲೂ ಮನೆಗೆ ಬೀಗ ಹಾಕಿಸುವುದು ಬಿಟ್ಟರೆ ಏನೂ ಮಾಡುವುದಿಲ್ಲ. 22 ವರ್ಷ ಒಂದು ಕೊಲೆಯನ್ನು ಅರಗಿಸಿಕೊಂಡವನು ಅಷ್ಟು ದಡ್ಡನಾಗಿರಲಾರ. ಪ್ರತಿ ಅಧ್ಯಾಯ ಮುಗಿದ ಮೇಲೆ ಕಾದಂಬರಿಗೆ ಸೇರದ ಒಂದು ನೋಟ್‌ಬುಕ್ಕಿನಲ್ಲಿ ಉದ್ಯಮಿಯ ಪರವಾಗಿ ನಾಲ್ಕು ಸಾಲು ಬರೆಯಿರಿ: ಈಗ ಅವನಿಗೆ ಏನು ಗೊತ್ತು, ಯಾರ ಮೇಲೆ ಅನುಮಾನ, ಇವತ್ತು ಯಾರನ್ನು ಎಲ್ಲಿಗೆ ಕಳಿಸಿದ, ನಾಳೆ ಏನು ಮಾಡಲಿದ್ದಾನೆ. ಮೂರು ಅಧ್ಯಾಯ ಸತತವಾಗಿ ಆ ನಾಲ್ಕು ಸಾಲು ಬದಲಾಗದಿದ್ದರೆ ಕಥೆ ಅಲ್ಲಿ ನಿಂತಿದೆ ಎಂದರ್ಥ. ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಈ ಬಗೆಯ ಬರವಣಿಗೆಯಲ್ಲಿ ಇನ್ನೊಂದಿಲ್ಲ.

142ರಿಂದ 153ರವರೆಗಿನ ಫ್ಲ್ಯಾಶ್‌ಬ್ಯಾಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹನ್ನೆರಡು ಪುಟ ಒಂದೇ ಉಸಿರಿಗೆ ಹಿಂದಕ್ಕೆ ಹೋದರೆ ಈಗಿನ ಕಥೆ ತಣ್ಣಗಾಗುತ್ತದೆ. ರನ್ನ ಗದಾಯುದ್ಧದಲ್ಲಿ ಕೊನೆಯ ಕಾಳಗವನ್ನು ಮುಂದಿಟ್ಟುಕೊಂಡು, ಸಿಂಹಾವಲೋಕನದಿಂದ ಹಿಂದಿನ ಭಾರತದ ಕಥೆಯನ್ನೆಲ್ಲ ಒಳಗೆ ತರುತ್ತಾನೆ. ಸಿಂಹ ನಡೆಯುತ್ತಲೇ ತಿರುಗಿ ನೋಡುತ್ತದೆ, ಮುಂದಿನ ಹೆಜ್ಜೆ ನಿಲ್ಲಿಸುವುದಿಲ್ಲ. ನಿಮ್ಮ ಹನ್ನೆರಡು ಪುಟವನ್ನು ನಾಲ್ಕು ತುಂಡು ಮಾಡಿ. ಯಾವುದೂ ಎರಡೂವರೆ ಪುಟ ಮೀರದಿರಲಿ. ಓದುಗನಲ್ಲಿ ಪ್ರಶ್ನೆ ಹುಟ್ಟುವ ಮೊದಲು ಉತ್ತರದ ತುಂಡು ಬರಬಾರದು. ಬಾಗಿಲ ಬಳಿಯ ಕೈಯನ್ನು ನಾಲ್ಕರಲ್ಲೂ ತನ್ನಿ, ಪ್ರತಿ ಸಲ ಒಂದು ವಿವರ ಹೆಚ್ಚಿಸಿ. ಮೊದಲು ಬರೀ ಕೈ. ಆಮೇಲೆ ಅದರ ಉಂಗುರ. ಆಮೇಲೆ ಆ ಕೈಗೂ ಬೆಂಕಿ ತಗುಲಿತ್ತು ಎಂಬುದು. ಕೊನೆಗೆ ಆ ಕೈ ಯಾವ ದಿಕ್ಕಿಗೆ ತಳ್ಳಿತು ಎಂಬುದು. ನೆನಪು ಕ್ಯಾಮೆರಾ ಹಿಡಿದಿಟ್ಟ ಚಿತ್ರವಲ್ಲ. ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. ಹಾಗಾಗಿ ನಾಯಕ ಮೊದಲ ಮೂರು ಸಲ ತಪ್ಪು ಹೇಳಿದರೆ ಅದು ಸುಳ್ಳಾಗುವುದಿಲ್ಲ.

ಕೆಲವು ವಾಸ್ತವದ ತಪ್ಪುಗಳನ್ನು ಬೇಗ ತಿದ್ದಿಬಿಡಿ. ಕ್ಲೋರೋಫಾರ್ಮ್ ಬಟ್ಟೆ ಮೂಗಿಗೆ ಹಿಡಿದ ಕೂಡಲೇ ಯಾರೂ ಕುಸಿಯುವುದಿಲ್ಲ. ಹಲವು ನಿಮಿಷ ಬಿಡದೆ ಉಸಿರಾಡಿಸಬೇಕು, ಅಷ್ಟರಲ್ಲಿ ಎದುರಿನವನು ಹೊಡೆದಾಡುತ್ತಾನೆ. ತಲೆಗೆ ಪೆಟ್ಟು ತಿಂದು ಮೂರು ಗಂಟೆ ಎಚ್ಚರವಿಲ್ಲದೆ ಬಿದ್ದಿದ್ದವನು ಎದ್ದು ಕಾರು ಓಡಿಸಲಾರ. ಅರ್ಧ ಗಂಟೆ ಮೀರಿ ಪ್ರಜ್ಞೆ ತಪ್ಪಿದ್ದರೆ ವೈದ್ಯರು ಅದನ್ನು ಸಣ್ಣ ಪೆಟ್ಟೆಂದು ಎಣಿಸುವುದಿಲ್ಲ. ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬಲ್. ಸೈಲೆನ್ಸರ್ ಅದರಲ್ಲಿ 20ರಿಂದ 35ರಷ್ಟು ಇಳಿಸುತ್ತದೆ, ಪಕ್ಕದ ಕೋಣೆಯಲ್ಲಿ ಮಲಗಿದವರು ಎದ್ದೇ ಏಳುತ್ತಾರೆ. ಇವೆಲ್ಲ ಸಣ್ಣವೆಂದು ಬಿಡಬೇಡಿ. ಓದುಗ ಒಂದನ್ನು ನಂಬದಿದ್ದರೆ ಚಿಲಕವನ್ನೂ ನಂಬುವುದಿಲ್ಲ.

ಎರಡನೇ ಪಾಲುದಾರನ ಜೊತೆಗಿನ ಕೊನೆಯ ಭೇಟಿಯನ್ನು ಕರಡಿನಲ್ಲಿ ನೀವು ಕತ್ತಲ ಕಟ್ಟಡದಲ್ಲಿ ಬಂದೂಕಿನ ಮುಂದೆ ಇಟ್ಟಿದ್ದೀರಿ. ಅವರಿಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಸಾಗಣೆ ಪುಸ್ತಕ ಇರಲಿ. ಮುದುಕ ತನ್ನ ಸುಟ್ಟ ಕೈಯನ್ನು ಮುಚ್ಚಿಕೊಂಡೇ ಮಾತಾಡಲಿ. ತಾನು ಉಳಿಸಿದೆ ಎಂಬುದನ್ನು ಅವನ ಬಾಯಿಂದ ಹೇಳಿಸಬೇಡಿ. ಹೇಳಿದರೆ ಪ್ರಾಣಕ್ಕಾಗಿ ಬೇಡಿಕೊಂಡಂತಾಗುತ್ತದೆ. ಅವನು ಪುಸ್ತಕವನ್ನು ಮುಂದಕ್ಕೆ ಸರಿಸಿದಾಗ ಕೈ ಕಾಣಲಿ, ನಾಯಕ ಆ ಕೈಯನ್ನು ನೋಡಲಿ. ನಾಲ್ಕನೆಯ ತುಂಡು ಅಲ್ಲಿ ಬರಲಿ. ಅವನನ್ನು ಕ್ಷಮಿಸಬೇಕೋ ಬೇಡವೋ ಎಂಬುದನ್ನು ಬರೆಯುವ ನೀವೇ ತೀರ್ಮಾನಿಸಬೇಕು. ಆದರೆ ಅವನು ತಂದೆಯ ಕೊಲೆಗೆ ಒಪ್ಪಿದವನು ಎಂಬುದನ್ನು ಕೊನೆಯಲ್ಲಿ ಅಳಿಸಿಹಾಕಿ ಒಳ್ಳೆಯವನನ್ನಾಗಿ ಮಾಡಬೇಡಿ. ಎರಡೂ ನಿಜವಾಗಿ ಉಳಿದರೆ ಮಾತ್ರ ನಾಯಕನ ಕೈ ನಡುಗುತ್ತದೆ.

ತಿದ್ದುವ ಕ್ರಮ ಹೀಗಿರಲಿ. ಮೊದಲು ಮೂರು ಅಂಕಣದ ಹಾಳೆ ಪೂರ್ತಿ ಮಾಡಿ, ಅದಕ್ಕೆ ಒಂದು ವಾರ ಹಿಡಿದರೂ ಪರವಾಗಿಲ್ಲ. ಆಮೇಲೆ ಒಂದನೇ ಅಧ್ಯಾಯ ಹೊಸದಾಗಿ ಬರೆಯಿರಿ. ಮೊದಲ ಪಾಲುದಾರನ ಸಾವನ್ನು ಮುಂದಕ್ಕೆ ತಂದು, ತನಿಖೆಯ ಭಾಗವನ್ನು ಸೇರಿಸಿ. ಪ್ಲಾಸ್ಟಿಕ್ ಸರ್ಜರಿ, ಭುಜದ ಕಲೆ, ಚಾಕುವಿನ ಏಳರಲ್ಲಿ ಐದು ದೃಶ್ಯ ತೆಗೆದರೆ ನಿಮಗೆ ಸುಮಾರು 30 ಪುಟ ಸಿಗುತ್ತದೆ, ಹೊಸ ದೃಶ್ಯಗಳಿಗೆ ಅಷ್ಟು ಸಾಕು. ಸುಳಿವುಗಳನ್ನು ಎಲ್ಲಕ್ಕಿಂತ ಕೊನೆಗೆ ಬಿತ್ತಿ. ಕಥೆ ಗಟ್ಟಿಯಾಗುವ ಮೊದಲು ಬಿತ್ತಿದರೆ ಪ್ರತಿ ಸಲ ಕಿತ್ತು ನೆಡಬೇಕಾಗುತ್ತದೆ. ಹೊಸ ಕರಡನ್ನು ಆ ಮೂವರಿಗೆ ಕೊಡಬೇಡಿ, ಅವರಿಗೆ ಹಳೆಯದು ತಲೆಯಲ್ಲಿದೆ. ಬೇರೆ ಇಬ್ಬರಿಗೆ ಕೊಟ್ಟು 40, 100, 138 ಮತ್ತು 200ನೇ ಪುಟದಲ್ಲಿ ನಿಲ್ಲಲು ಹೇಳಿ. ಪ್ರತಿ ನಿಲುಗಡೆಯಲ್ಲಿ ಎರಡೇ ಪ್ರಶ್ನೆಗೆ ಉತ್ತರ ಬರೆಸಿ: ಈಗ ಯಾರ ಬಗ್ಗೆ ಹೆದರಿಕೆಯಾಗುತ್ತಿದೆ, ಮುಂದೆ ಏನು ತಿಳಿಯಬೇಕೆನಿಸುತ್ತಿದೆ? 138ನೇ ಪುಟದಲ್ಲಿ ಅವರು ಆ ಕೆಲಸದ ಹುಡುಗನ ಹೆಸರು ಬರೆದರೆ ದ್ವಿತೀಯಾರ್ಧ ನಿಮ್ಮ ಕೈಗೆ ಬಂದಿದೆ. 138ಕ್ಕೆ ಮೊದಲೇ ಎರಡನೇ ಪಾಲುದಾರನ ಮೇಲೆ ಬೆರಳಿಟ್ಟರೆ ಸಾಗಣೆ ಪುಸ್ತಕ ಸಿಗುವ ದೃಶ್ಯಕ್ಕೆ ಹಿಂದಿರುಗಿ, ಅದು ಪ್ಯಾರಾದ ಕೊನೆಯ ಸಾಲಿನಲ್ಲಿ ಕೂತಿದೆಯೇ ನೋಡಿ.